ಮಡಚುವ ಯಂತ್ರ

"ಕೆಮ್ಮು ಬಂದ್ರೂ ನುಂಗ್ಕೊಳ್ಳಿ ಅತ್ತಿಗೆ," ಎಂದು ಮ್ಯಾನೇಜರ್ ತಗಡಿನ ಬಾಗಿಲು ಮುಚ್ಚಿದ.

ಲಾಂಡ್ರಿಯಲ್ಲಿ ಎಲ್ಲರಿಗೂ ಅವಳು ಅತ್ತಿಗೆಯೇ. ಜೊತೆಗೆ ದುಡಿಯುತ್ತಿದ್ದ ನಾದಿನಿ ಹಾಗೆ ಕರೆದು ಕರೆದು ಅದೇ ಹೆಸರಾಗಿತ್ತು. ಆ ನಾದಿನಿಯನ್ನು ಹೋದ ತಿಂಗಳು ಮನೆಗೆ ಕಳಿಸಿದ್ದರು. ಹೋಟೆಲುಗಳ ಹಾಸುಬಟ್ಟೆಗಳನ್ನು ತಾನೇ ಮಡಚುವ ಯಂತ್ರ ಸಿದ್ಧವಾಗುತ್ತಿದೆ, ಇನ್ನು ಇಷ್ಟು ಕೈ ಬೇಡ ಎಂದಿದ್ದರು. ಸಿದ್ಧವಾದ ಯಂತ್ರವೋ, ಹಸು ಮೆಲುಕು ಹಾಕಿದ ಹಾಗೆ ಬಟ್ಟೆಯನ್ನು ಅಗಿದು ಹೊರಗೆ ಹಾಕಿತು. ಅಷ್ಟರಲ್ಲಿ ದುಡ್ಡು ಹಾಕುವವರು ನೋಡಲು ಹೊರಟಾಗಿತ್ತು. "ಇವತ್ತೊಂದಿನ ಯಂತ್ರದೊಳಗೆ ಕೂತು ನೀವೇ ಮಡಚಿಬಿಡಿ. ನಿಮ್ಮ ನಾದಿನೀನ ವಾಪಸ್ ತಗೋತೀನಿ," ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದ. ಮನೆಯ ಮೂಲೆಯಲ್ಲಿ ಮಂಕಾಗಿ ಕೂತವಳನ್ನು ನೆನೆದು ಅವಳು ಒಳಹೊಕ್ಕಿದ್ದಳು.

ಒಳಗೆ ಎಣ್ಣೆಯ ಜಿಡ್ಡು, ಸುಟ್ಟ ಬಟ್ಟೆಯ ನಾತ. ಮೇಲಿನ ಸೀಳಿನಿಂದ ಬಟ್ಟೆ ಇಳಿಯುತ್ತಿತ್ತು. ಮಡಿಲಲ್ಲಿಟ್ಟು ಮಡಚಿ, ಅಂಗೈಯಿಂದ ಸವರಿ, ಕೆಳಗಿನ ಸೀಳಿನಿಂದ ನೂಕುತ್ತಿದ್ದಳು. ಮೂಗಿನ ತುದಿಯ ಬೆವರು ಒಗೆದ ಬಟ್ಟೆಯ ಮೇಲೆ ಬೀಳದಂತೆ ಮುಖ ತಿರುಗಿಸಿದಳು. ಇಲ್ಲೂ ಈ ನಿಯತ್ತು ಬಿಡಲಿಲ್ಲವಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಯಿತು.

"ಇದರಿಂದ ಎಷ್ಟು ಜನಾನ ತೆಗೀಬಹುದು?" ಹೊರಗೆ ಒಂದು ಗಂಡುದನಿ.

"ಆರು ಜನ ಸರ್. ಇದು ಟೀ ಕೇಳಲ್ಲ, ರಜೆ ಕೇಳಲ್ಲ."

ಅಭ್ಯಾಸಬಲದಿಂದ ಅತ್ತಿಗೆ ಮಡಚಿದ ಬಟ್ಟೆಯ ಮೇಲೆ ಎರಡು ಸಲ ತಟ್ಟಿದಳು. ಮಡಚಿ ಮುಗಿಸಿದಾಗಲೆಲ್ಲ ತಟ್ಟುವ ಕೈ ಅದು. ತಗಡಿನ ಗೂಡು ಟಪ್ ಟಪ್ ಎಂದಿತು.

"ಅದೇನು ಸದ್ದು?"

"ಒತ್ತೋ ಭಾಗ ಸರ್. ಅದಕ್ಕೇ ಇದರ ಬೆಲೆ ಜಾಸ್ತಿ."

ಒಬ್ಬ ಹೆಂಗಸು ಬಟ್ಟೆ ಎತ್ತಿಕೊಂಡಿರಬೇಕು. "ಎಷ್ಟು ಬೆಚ್ಚಗಿದೆ ನೋಡಿ. ಯಂತ್ರ ಅಂದ್ರೆ ಯಂತ್ರ."

ಆ ಬಿಸಿ ಅತ್ತಿಗೆಯ ಮಡಿಲಿನದು. ಕಂಡವರು ಯಾರೋ ಮೈ ಸವರಿದಂತಾಗಿ ಗಂಟಲಿಗೆ ಹುಳಿ ಬಂತು. ನುಂಗಿಕೊಂಡಳು. ಹೊರಗೆ ಚಪ್ಪಾಳೆ.

ಅವರು ಹೋದ ಮೇಲೆ ಬಾಗಿಲು ತೆರೆಯಿತು. "ಗೆದ್ವಿ ಅತ್ತಿಗೆ," ಎಂದ ಮ್ಯಾನೇಜರ್. "ಮುಂದಿನ ವಾರ ಎರಡು ಯಂತ್ರ ಒಟ್ಟಿಗೆ ಓಡೋದು ನೋಡ್ಬೇಕಂತೆ."

"ನಮ್ಮ ನಾದಿನಿ?"

"ಮಾತಂದ್ರೆ ಮಾತು. ನಾಳೆಯಿಂದಲೇ ಬರಲಿ." ಗೋಡೆಯ ಬಳಿಯಿದ್ದ ಎರಡನೇ ಗೂಡನ್ನು ತೋರಿಸಿದ. "ನಿಮಗಿಂತ ಸಣ್ಣಗಿದಾರೆ. ಆರಾಮಾಗಿ ಹಿಡಿಸ್ತಾರೆ."

ಅತ್ತಿಗೆ ನಲ್ಲಿಯ ಬಳಿ ಹೋಗಿ ಉಗಿದು, ಸೋಪು ಹಚ್ಚಿ ಕೈ ತೊಳೆದಳು. ಮತ್ತೊಮ್ಮೆ ತೊಳೆದಳು. ತಿರುಗಿ ಬರುವಾಗ ಎರಡನೇ ಗೂಡಿನ ಮುಂದೆ ಫಿಟ್ಟರ್ ಡ್ರಿಲ್ ಹಿಡಿದು ಕೂತಿದ್ದ.

"ಗಾಳಿಗೆ ತೂತು ಎಲ್ಲಿ ಕೊರೀಲಿ ಅತ್ತಿಗೆ? ಮ್ಯಾನೇಜರ್ ಹಿಂದುಗಡೆ ಎಲ್ಲಾದ್ರೂ ಹಾಕು ಅಂದ್ರು."

ಅವಳು ಮೊಣಕಾಲೂರಿ, ನಾದಿನಿ ಕೂತರೆ ಅವಳ ಬಾಯಿ ಎಲ್ಲಿಗೆ ಬರುತ್ತದೋ ಅಲ್ಲಿ, ತಗಡಿನ ಮೇಲೆ ಒದ್ದೆ ಬೆರಳಿಟ್ಟಳು.