ಕೆಂಚನ ನುಚ್ಚು

ಶಾಂತಕ್ಕ ಗಡಿಗೆ ಇಳಿಸಿ ನುಚ್ಚು ಆರಲೆಂದು ಪರಾತಕ್ಕೆ ಸುರಿಯುತ್ತಿದ್ದಾಗ ಹಿತ್ತಲಿನಿಂದ ಮಾವನ ದನಿ ಕೇಳಿಸಿತು. ಕುರಿಹಟ್ಟಿಯಲ್ಲಿ ಮರಿಯೊಂದು ಸತ್ತು ಬಿದ್ದಿತ್ತು. ಕುತ್ತಿಗೆ ಹರಿದಿತ್ತು, ಒಂದು ಕಿವಿ ಇರಲಿಲ್ಲ. ಯುದ್ಧದ ಕಾಲ, ಬಳ್ಳಾರಿಯ ದಂಡಿನವರಿಗಾಗಿ ದಲಾಲಿಗಳು ಈ ಹೊಳಗುಂದದ ತನಕ ಬಂದು ಒಳ್ಳೆ ಬೆಲೆ ಕೊಟ್ಟು ಕುರಿ ಹೊಡೆದುಕೊಂಡು ಹೋಗುತ್ತಿದ್ದರು. ಮರಿ ಸತ್ತರೆ ಆ ಮನೆಯಲ್ಲಿ ಮನುಷ್ಯರು ಸತ್ತಷ್ಟು ದುಃಖ. ಸೊಸೆ ಸತ್ತರೆ ಅಷ್ಟು ಆಗುತ್ತಿತ್ತೋ ಇಲ್ಲವೋ, ಹೇಳುವುದು ಕಷ್ಟ.

ನುಚ್ಚು ಮನೆಯವರಿಗಲ್ಲ, ಹಟ್ಟಿಯ ನಾಯಿ ಕೆಂಚನಿಗೆ. ಮಳೆಗಾಲದಲ್ಲಿ ತೋಳ ಬಂದಾಗ ಉಳಿದ ನಾಯಿಗಳೆಲ್ಲ ಬಾಲ ಮುದುರಿಕೊಂಡು ಓಡಿದ್ದವು. ಕೆಂಚ ಮಾತ್ರ ಹಿಡಿದ ಹಿಡಿ ಬಿಡದೆ ಹೆಗಲು ಹರಿಸಿಕೊಂಡಿತ್ತು. ಅದನ್ನು ಮನೆಗೆ ತಂದು ಹಾಕಿ, ಬದುಕಿದರೆ ಬದುಕಲಿ ಎಂದು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ಬದುಕಿಸಿದವಳು ಶಾಂತಕ್ಕ. ಜೋಳ ಒಡೆದು, ಉಪ್ಪಿಲ್ಲದೆ ಮೆತ್ತಗೆ ಬೇಯಿಸಿ, ತನ್ನ ಪಾಲಿಗೆ ಬಂದ ಒಣಗಿಸಿದ ಕುರಿಮಾಂಸದ ಖಂಡವನ್ನು ನೆನೆಸಿ ಕುದಿಸಿ, ಎಲುಬು ಆರಿಸಿ ತೆಗೆದು ಕಲಸಿ ತುತ್ತು ಮಾಡಿ ಉಣಿಸಿದಳು. ಬೇರೆ ಯಾರು ಇಟ್ಟರೂ ಅದು ಮೂಸಿ ನೋಡುತ್ತಿರಲಿಲ್ಲ. ಅತ್ತೆ ಭೀಮಕ್ಕ ಸೊಸೆಯನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಆ ಮನೆಯಲ್ಲಿ ಶಾಂತಕ್ಕ ಬಂದರೆ ಎದ್ದು ನಿಲ್ಲುವ ಜೀವ ಇದೊಂದೇ. ಅದಕ್ಕೇ ಅವಳಿಗೆ ಅದರ ಮೇಲೆ ಪ್ರಾಣ.

ಗಂಡ ಸುಂಕಪ್ಪ ಒಮ್ಮೆ ಅವಳು ಖಂಡ ಕಲಸುವುದನ್ನು ಕಂಡಿದ್ದ. ಅಪ್ಪನಿಗೆ ಹೇಳಬೇಡ ಎಂದಷ್ಟೇ ಹೇಳಿ ಕಂಬಳಿ ಕೊಡವಿ ಹೋಗಿದ್ದ. ಯಾಕೆಂದು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತೋ. ಅವಳು ಪೆದ್ದಹರಿವಾಣದ ಒಕ್ಕಲು ಮನೆಯ ಹುಡುಗಿ. ಎತ್ತಿನ ಸಂಗತಿ ಕೇಳಿದರೆ ಹೇಳಿಯಾಳು, ಕುರಿಯವರ ಕಟ್ಟುಪಾಡು ಅವಳಿಗೇನು ಗೊತ್ತು?

ಹಟ್ಟಿಯ ಹತ್ತಿರ ಎಲ್ಲರೂ ಸೇರಿದ್ದರು. ತೋಳವಾಗಿದ್ದರೆ ಮರಿಯನ್ನು ಹೊತ್ತುಕೊಂಡೇ ಹೋಗುತ್ತಿತ್ತು ಎಂದು ಭೀಮಕ್ಕ ಕೆಂಚನ ಕಡೆ ನೋಡಿದಳು. ಮಾವ ಉಚ್ಚೀರಪ್ಪ ಒಪ್ಪಲಿಲ್ಲ. ಬೇಲಿಯ ಮುಳ್ಳು ಒಂದು ಕಡೆ ಸರಿದಿತ್ತು. ನರಿ ನುಗ್ಗಿರಬೇಕು, ತೋಳದ ಜೊತೆ ಕಾದಿದ ನಾಯಿ ಮರಿಯನ್ನು ಮುಟ್ಟುವುದಿಲ್ಲ ಎಂದ. ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅತ್ತೆ ಮತ್ತೊಮ್ಮೆ ನಾಯಿಯ ಕಡೆ ಬೆರಳು ತೋರಿಸಿದಳು. ಶಾಂತಕ್ಕ ಕೆಂಚನಿಗೆ ಅಡ್ಡ ಬಂದು ನಿಂತಳು. ಮದುವೆಯಾಗಿ ಬಂದ ಮೇಲೆ ಮಾವನ ಎದುರು ಅವಳು ಬಾಯಿ ತೆರೆದದ್ದು ಅದೇ ಮೊದಲು.

"ಅದು ಅಲ್ಲರಿ ಮಾವ. ದಿನಾ ಖಂಡ ಬೇಯಿಸಿ ನುಚ್ಚಿನ್ಯಾಗ ಕಲಸಿ ನಾನ ಉಣಸ್ತೀನ್ರಿ. ಹೊಟ್ಟಿ ತುಂಬಿದ ನಾಯಿ, ಮರಿ ಯಾಕ ಮುಟ್ಟೀತು?"

ಉಚ್ಚೀರಪ್ಪ ಕೋಲೂರಿ ನಿಧಾನಕ್ಕೆ ಕುಳಿತ. ಕುರಿ ಕಾಯುವ ನಾಯಿಗೆ ಅಂಬಲಿ, ಮುದ್ದೆ, ಬಿದ್ದರೆ ಮಜ್ಜಿಗೆ. ಕುರಿಯ ಮಾಂಸ ಮಾತ್ರ ಎಂದೂ ಇಲ್ಲ. ರುಚಿ ಹತ್ತಿದ ನಾಯಿ ಇವತ್ತಲ್ಲ ನಾಳೆ ಹಟ್ಟಿಗೇ ಬಾಯಿ ಹಾಕುತ್ತದೆಂಬುದು ಅವರ ಅಪ್ಪ, ಅಜ್ಜಂದಿರ ಕಾಲದ ನಂಬಿಕೆ. ಅಂಥ ನಾಯಿಯನ್ನು ಇಟ್ಟುಕೊಳ್ಳುವುದಿಲ್ಲ, ಇನ್ನೊಬ್ಬರಿಗೆ ಕೊಡುವುದೂ ಇಲ್ಲ. ಈಗ ನರಿಯ ಮಾತು ಯಾರಿಗೂ ಬೇಡವಾಯಿತು. ಕಾಪಾಡಲು ಆಡಿದ ಮಾತೇ ಉರುಲಾಯಿತು.

ಉಚ್ಚೀರಪ್ಪ ಮಗನತ್ತ ತಿರುಗಿದ. ಸುಂಕಪ್ಪ ಕಂಬಳಿಯ ಅಂಚು ನೋಡುತ್ತಾ, "ನಂಗೇನೂ ಗೊತ್ತಿಲ್ಲಪ್ಪ" ಎಂದ. ಎಂಥ ಗಂಡಸು!

ಶಾಂತಕ್ಕ ಮಾವನ ಕಾಲು ಹಿಡಿದಳು. ನಾಯಿಯ ಜೊತೆ ತನ್ನನ್ನೂ ತವರಿಗೆ ಅಟ್ಟಿಬಿಡಿ, ಮತ್ತೆ ಈ ಹೊಸಿಲು ತುಳಿಯುವುದಿಲ್ಲ ಎಂದು ಬೇಡಿಕೊಂಡಳು. ಅವನು ಕಾಲು ಬಿಡಿಸಿಕೊಂಡು ಒಳಗೆ ಹೋಗಿ, ತೋಳಕ್ಕೆಂದು ಇಟ್ಟಿದ್ದ ಪಾಷಾಣದ ಪೊಟ್ಟಣ ತಂದ. ಆರಿದ ನುಚ್ಚಿಗೆ ತಾನೇ ಉದುರಿಸಿ, ಕಡ್ಡಿಯಿಂದ ಕಲಸಿ, ಪರಾತವನ್ನು ಕೆಂಚನ ಮುಂದಿಟ್ಟ. ಕೆಂಚ ಮೂತಿ ಆಚೆ ಮಾಡಿತು.

"ರುಚಿ ಹತ್ತಿಸಿದಾಕಿ ನೀನು," ಎಂದ ಉಚ್ಚೀರಪ್ಪ. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ನೀನ ಉಣಸು. ಇಲ್ಲಂದ್ರ ಕೊಡ್ಲಿಲೆ ಹೊಡೀತೀನಿ. ಒಂದ ಏಟಿಗೆ ಸಾಯೂದಿಲ್ಲ ಅದು, ಗಟ್ಟಿ ಐತಿ."

ಕೊಡಲಿ ಗೋಡೆಗೆ ಒರಗಿತ್ತು. ಶಾಂತಕ್ಕ ಕುಕ್ಕರುಗಾಲಿನಲ್ಲಿ ಕುಳಿತು ತುತ್ತು ಕಟ್ಟಿದಳು. ಅರ್ಧ ನೆಲಕ್ಕೆ ಬಿತ್ತು. ಕೆಂಚ ಅವಳ ಕೈಯದನ್ನು ತಿಂದಿತು. ಬಿದ್ದದ್ದನ್ನೂ ನೆಕ್ಕಿತು. ಇನ್ನೊಂದು ತುತ್ತಿಗೆ ಅವಳ ಮೊಣಕಾಲ ಮೇಲೆ ಕಾಲಿಟ್ಟಿತು. ಅವಳು ಕೊಟ್ಟಳು.

ಕೈಯನ್ನು ಬೂದಿ ಹಚ್ಚಿ ತೊಳಿ, ಗಂಡಸರು ಕುರಿ ಬಿಡೋ ಹೊತ್ತಾಯಿತು ಎಂದು ಭೀಮಕ್ಕ ಕೂಗಿದಳು. ಶಾಂತಕ್ಕ ತೊಳೆದಳು, ಮತ್ತೆ ತೊಳೆದಳು. ಜೋಳದ ಹಿಟ್ಟು ನಾದಿ ರೊಟ್ಟಿಗೆ ಕುಳಿತಳು. ಅಪ್ಪ ಮಗ ಒಲೆಯ ಪಕ್ಕ ಊಟಕ್ಕೆ ಕುಳಿತರು. ಮೊದಲ ರೊಟ್ಟಿ ಕಾವಲಿಗೆ ಬೀಳುವಷ್ಟರಲ್ಲಿ ಹಿತ್ತಲಿನಿಂದ ನರಳಾಟ ಶುರುವಾಯಿತು. ಅವಳ ಕೈ ನಿಂತಿತು.

"ತಟ್ಟು," ಎಂದಳು ಅತ್ತೆ. "ಜೋರಾಗಿ ತಟ್ಟು."

ಅವಳು ಜೋರಾಗಿ ತಟ್ಟತೊಡಗಿದಳು. ರೊಟ್ಟಿಯ ಮೇಲೆ ರೊಟ್ಟಿ ಬಿತ್ತು. ಹಿತ್ತಲಿನ ಸದ್ದು ನಿಲ್ಲುವ ತನಕ ಗಂಡಸರಿಬ್ಬರೂ ಸಾಕು ಎನ್ನಲಿಲ್ಲ.