ಯಮುನಾಬಾಯಿಯ ಚೌಕಾಸಿ ಅಂಗಡಿ

"ವೈನಿ, ದೀಪಾವಳಿ ತನಕ ನೋಡೂನು. ಅಷ್ಟರಾಗ ವ್ಯಾಪಾರ ಚಲೋ ಆತಂದ್ರ ಅಂಗಡಿ ನೀವ ನಡಸ್ರಿ, ನಾ ತುಟಿ ಪಿಟ್ ಅನ್ನೂದಿಲ್ಲ. ಇಲ್ಲಂದ್ರ ಖೋಲಿ ಖಾಲಿ ಮಾಡಿಕೊಡ್ರಿ. ಅಲ್ಲೆ ಎಸ್‌ಟಿಡಿ ಬೂತ್ ಹಾಕಾಂವ ಇದ್ದೀನಿ," ಎಂದ ನನ್ನ ಮೈದುನ ಪ್ರಹ್ಲಾದ. ನಾನೇ ಮಾಡಿಕೊಟ್ಟ ಚಹಾ ಕುಡಿಯುತ್ತ ಈ ಮಾತು ಅಂದ. ನನ್ನ ಮೈಯೆಲ್ಲ ಉರಿದುಹೋಯಿತು.

ಸೊಲ್ಲಾಪುರದ ಚಾಟಿ ಗಲ್ಲಿಯಲ್ಲಿ ನಮ್ಮದೊಂದು ಚಾದರದ ಅಂಗಡಿ. ನನ್ನ ಯಜಮಾನರು ಮಿಲ್ಲಿನ ಆಫೀಸಿನಲ್ಲಿ ಕಾರಕೂನರಾಗಿದ್ದವರು. ಮಿಲ್ಲು ಬಂದ್ ಬಿದ್ದ ಮೇಲೆ, ತಮ್ಮನ ಹೆಸರಿನಲ್ಲಿದ್ದ ಆ ಖೋಲಿಯಲ್ಲಿ ಚಾದರ, ಟವೆಲ್ಲು ಇಟ್ಟುಕೊಂಡು ಕೂತರು. ಅವರು ತೀರಿಕೊಂಡ ಮೇಲೆ ಗಾದಿಯ ಮೇಲೆ ನಾನು ಕೂತೆ. ಗಂಡ ಸತ್ತ ಹೆಂಗಸು ಬಜಾರಿನಲ್ಲಿ ಕಾಲು ಮಡಚಿ ಕೂಡುವುದೆಂದರೇನು ಎಂದು ಬಳಗದವರೆಲ್ಲ ಮೂಗು ಮುರಿದರು. ಮುರಿಯಲಿ, ಮೂಗು ಅವರದು. ಗಿರಾಕಿಗಳು ಬಂದು "ಮಾಲಕರು ಎಲ್ಲಿ ಹೋಗ್ಯಾರ್ರಿ?" ಎಂದು ಕೇಳುತ್ತಿದ್ದರು. "ನಿಮ್ಮ ಮುಂದ ಕೂತಾರ, ಕಾಣವಲ್ಲರೇನು?" ಎನ್ನುತ್ತಿದ್ದೆ. ಆ ಗಾದಿ ಹೋದರೆ ನನಗೆ ಉಳಿದದ್ದು ಪ್ರಹ್ಲಾದನ ಅಡುಗೆಮನೆ. ಅವರ ಮನೆಯವರು ಉಂಡ ಮೇಲೆ ಉಣ್ಣುವುದು, ಕೇಳಿದಾಗ ಮಾತ್ರ ಮಾತಾಡುವುದು. ಅದಕ್ಕೆ ನಾನು ತಯಾರಿರಲಿಲ್ಲ.

ಇದು ೧೯೯೯ರ ಮಾತು. ಸ್ಟೇಶನ್ ರಸ್ತೆಯಲ್ಲಿ ದೊಡ್ಡ ದೊಡ್ಡ ಶೋರೂಮ್‌ಗಳಾಗಿ, ನಮ್ಮ ಗಲ್ಲಿಗೆ ಬರುವವರೇ ಕಡಿಮೆಯಾಗಿದ್ದರು. ಆಗ ನನ್ನ ತಂಗಿ ಗಿರಿಜಾಬಾಯಿಯ ಮಗಳು ಮುಕ್ತಾ ಒಂದು ದಾರಿ ಹೇಳಿದಳು. ಅವಳು ದಿನಾ ಅಕ್ಕಲಕೋಟೆಯಿಂದ ಎಸ್‌ಟಿ ಬಸ್ಸು ಹಿಡಿದು ಬಂದು ಸೊಲ್ಲಾಪುರದ ಸೈಬರ್ ಕೆಫೆಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. "ಮೌಶಿ, ಜನ ಕಂಪ್ಯೂಟರಿನಾಗ ಅಂಗಡಿ ತಗಿಯಾಕತ್ತಾರ. ಗಿರಾಕಿ ಅಲ್ಲೇ ಮಾಲ್ ನೋಡಿ ಚೀಟಿ ಬರದು ಕಳಸ್ತಾನ. ನೀವು ಪೋಸ್ಟಿನಾಗ ವಿ.ಪಿ. ಪಾರ್ಸೆಲ್ ಮಾಡ್ರಿ, ಅಂವ ಪೋಸ್ಟಮನ್ ಕೈಯಾಗ ರೊಕ್ಕ ಕೊಟ್ಟು ಬಿಡಿಸ್ಕೊಂತಾನ," ಎಂದಳು. ಪ್ರಹ್ಲಾದನ ಮಗ ಕೌಶಿಕ ಆಗಷ್ಟೇ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದ. ಕೈ ಪಳಗಲಿ ಎಂದು ಅವನೇ ಅಂಗಡಿಯ ಪುಟ ಕಟ್ಟಿಕೊಟ್ಟ.

ಬೆಲೆ ಎಷ್ಟು ಹಾಕಲಿ ಎಂದು ಕೇಳಿದ. ಹೇಳಿದೆ. ನಮ್ಮ ಗಲ್ಲಿಯಲ್ಲಿ ಹೇಳುವ ಬೆಲೆ ಒಂದು, ಬಿಡುವ ಬೆಲೆ ಒಂದು. ಗಿರಾಕಿ ಅರ್ಧಕ್ಕೆ ಕೇಳಬೇಕು, ನಾವು ಹಣೆ ಬಡಿದುಕೊಳ್ಳಬೇಕು, ಅವನು ಎದ್ದು ಹೊರಡಬೇಕು, ನಾವು ಕರೆಯಬೇಕು. ಇಷ್ಟೆಲ್ಲ ಆದ ಮೇಲೆ ಕೊಂಡರೆ ಅವನಿಗೂ ಸಮಾಧಾನ, ನಮಗೂ ಸಮಾಧಾನ. ಅದಕ್ಕೇ ಕಂಪ್ಯೂಟರಿನಲ್ಲೂ ಹೇಳುವ ಬೆಲೆಯನ್ನೇ ಹಾಕಿಸಿದೆ.

ತಿಂಗಳಾಯಿತು. ಜನ ಪುಟ ನೋಡಿ ಹೋಗುತ್ತಿದ್ದರು, ಒಬ್ಬರೂ ಚೀಟಿ ಬರೆಯಲಿಲ್ಲ. ಕಡೆಗೆ ಮುಂಬೈಯವನೊಬ್ಬ ಬರೆದ: ಇಷ್ಟು ದುಡ್ಡಿಗೆ ಇಲ್ಲಿ ಎರಡು ಚಾದರ ಬರುತ್ತವೆ, ನಿಮಗೆ ನಾಚಿಕೆಯಿಲ್ಲವೇ.

"ಕಮ್ಮಿ ಮಾಡ್ರಿ ಅನ್ನಾಕ ಇವನ ಬಾಯಿಗೆ ಏನಾಗಿತ್ತು?" ಎಂದು ನಾನು ಕೆಫೆಯಲ್ಲೇ ರೇಗಿದೆ.

"ಮೌಶಿ, ಯಾರಿಗೆ ಅನಬೇಕು ಅಂವ?" ಎಂದಳು ಮುಕ್ತಾ. "ಅಲ್ಲೆ ಬರೇ ಬೆಲಿ ಅದ. ನೀವೆಲ್ಲಿ ಇದ್ದೀರಿ?"

ಆ ಮಾತು ನನಗೆ ನಾಟಿತು. ಆದರೆ ಕೌಶಿಕನಿಗೆ ನಾಟಿದ್ದು ಬೇರೆ. ನಾನು ಶ್ರಾವಣದಲ್ಲಿ ಎಂಟು ದಿನ ತಂಗಿಯ ಮನೆಗೆಂದು ಅಕ್ಕಲಕೋಟೆಗೆ ಹೋದಾಗ ಪುಟವನ್ನು ಸುಧಾರಿಸಿ ಇಟ್ಟಿದ್ದ. ಮಿನುಗುವ ಅಕ್ಷರ, ತೆರೆದ ಕೂಡಲೇ ಕೊಂಯ್ ಎನ್ನುವ ಬಾಜಾ, ಅಡ್ಡಡ್ಡ 'ಏಕ್ ದಾಮ್' ಎಂಬ ಪಟ್ಟಿ, ಅಂದರೆ ಒಂದೇ ಬೆಲೆ, ಚೌಕಾಸಿ ಇಲ್ಲ. ನಟ್ಟ ನಡುವೆ ನಮ್ಮ ಚಾದರವೇ ಅಲ್ಲದ ಯಾವುದೋ ಬಟ್ಟೆ ಸುತ್ತಿಕೊಂಡ ಪರದೇಶದ ಹುಡುಗಿ. ಆಗಿನ ಟೆಲಿಫೋನ್ ಲೈನಿನಲ್ಲಿ ಅವಳ ಫೋಟೋ ನೆತ್ತಿಯಿಂದ ಇಳಿದು ಕುತ್ತಿಗೆ ತನಕ ಬರುವಷ್ಟರಲ್ಲಿ ಗಿರಾಕಿ ಎದ್ದು ಹೋಗಿರುತ್ತಿದ್ದ. ಮೇಲೆ ದಪ್ಪ ಅಕ್ಷರದಲ್ಲಿ 'ಪ್ರಹ್ಲಾದ ಅಂಡ್ ಸನ್ಸ್'.

"ನನ್ನ ಹೆಸರು ಎಲ್ಲಿ ಹೋತೋ?"

"ಕಾಕು, ಹೆಣ್ಣಮಕ್ಕಳ ಹೆಸರು ನೋಡಿದ್ರ ಜನ ಭರವಸಾ ಇಡೂದಿಲ್ಲ. ಧಂದೆದಾಗ ಹಂಗ ಇರತದ."

"ಧಂದೆ ನೀ ನನಗ ಕಲಸ್ತಿಯೇನು? ಒಂದು ಟವೆಲ್ ಮಾರಿ ಗೊತ್ತೇನು ನಿನಗ? ಇನ್ನ ಮ್ಯಾಲೆ ಇದಕ್ಕ ಕೈ ಹಚ್ಚಬ್ಯಾಡ," ಎಂದೆ. ಅವನ ಮುಖ ಸಣ್ಣದಾಯಿತು. ಆಗಲಿ ಎಂದು ಬಿಟ್ಟೆ. ಆ ಪುಟ ಅವನಿಗೇ ಇರಲಿ ಎಂದು ನಾನೂ ಮುಕ್ತಾಳೂ ಹೊಸದಾಗಿ ಬೇರೆಯದೇ ಕಟ್ಟಲು ಕೂತೆವು.

ನಾನು ಹೇಳಿದ್ದು ಇಷ್ಟೇ: ಅಂಗಡಿಯಲ್ಲಿ ಏನು ಮಾಡುತ್ತೇನೋ ಅದೇ ಇಲ್ಲೂ ಆಗಬೇಕು. ಗಿರಾಕಿಗೆ ಮಡಿಚಿದ ಚಾದರ ಯಾರೂ ತೋರಿಸುವುದಿಲ್ಲ, ಝಾಡಿಸಿ ಪೂರಾ ಹರಡುತ್ತೇವೆ. ಸೊಲ್ಲಾಪುರದ ಚಾದರಕ್ಕೆ ಎರಡೂ ಮಗ್ಗಲು ಚಂದ. ಒಂದು ಕಡೆ ಕೆಂಪಿನ ಮೇಲೆ ಬಿಳಿ ಹೂವಾದರೆ ಹಿಂದೆ ಬಿಳಿಯ ಮೇಲೆ ಕೆಂಪು. ಎರಡೂ ಮಗ್ಗಲಿನ ಸಣ್ಣ ಸಣ್ಣ ಫೋಟೋ ಹಾಕಿಸಿದೆ, ಪಟ್ಟನೆ ತೆರೆಯುವಂಥವು. ಹಿಡಿದ ಕೈ ನನ್ನದೇ. ಕೆಳಗೆ ನನ್ನ ಹೆಸರು: ಯಮುನಾಬಾಯಿ, ಚಾಟಿ ಗಲ್ಲಿ. ಎಲ್ಲಕ್ಕಿಂತ ಕೆಳಗೆ ಒಂದು ಖಾಲಿ ಚೌಕ, ಅದರ ಮೇಲೆ ಹೀಗೆ ಬರೆಸಿದೆ: "ಇದು ಹೇಳುವ ಬೆಲೆ. ನೀವು ಎಷ್ಟಕ್ಕೆ ಕೇಳುತ್ತೀರಿ? ಹೋಗುವ ಮುಂಚೆ ಒಂದು ಮಾತು ಹೇಳಿ ಹೋಗಿ."

ಕೌಶಿಕ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಾಕು, ಜಗತ್ತಿನಾಗ ಯಾರೂ ಹಿಂಗ ಮಾಡೂದಿಲ್ಲ."

"ಯಾರೂ ಮಾಡದಿದ್ರ ನಾ ಮಾಡತೀನಿ. ಜಗತ್ತು ನೋಡಲಿ," ಎಂದೆ.

ಮೊದಲು ಬರೆದವನು ಭಿಲಾಯಿಯ ಉಕ್ಕಿನ ಕಾರಖಾನೆಯಲ್ಲಿದ್ದ ಸಿದ್ದರಾಮಪ್ಪ, ಅಕ್ಕಲಕೋಟೆ ತಾಲೂಕಿನ ನಾಗಣಸೂರಿನ ಕಡೆಯವನು. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತನ್ನೇ ಬರೆದಿದ್ದ. ಮುಕ್ತಾ ಓದಿದಳು: "ಬಾಯಾರ, ಅರ್ಧಕ್ಕ ಕೊಡ್ರಿ."

ನನ್ನ ಜೀವಕ್ಕೆ ಎಷ್ಟು ಖುಷಿಯಾಯಿತೆಂದರೆ, ಸಿಟ್ಟಿನಿಂದ ಹೇಳಬೇಕಾದ್ದನ್ನು ನಗುತ್ತ ಹೇಳಿದೆ: "ಅರ್ಧಕ್ಕ ಕೇಳಾಕ ಇದೇನು ನಿಮ್ಮ ಮಾವನ ಮನಿ ಏನ್ರಿ? ಈ ಚಾದರ ನಿಮ್ಮ ಮೊಮ್ಮಕ್ಕಳೂ ಹೊಚಗೋತಾರ. ನೆಟ್ಟಗ ಒಂದು ಮಾತು ಹೇಳ್ರಿ." ಮುಕ್ತಾ ಅದನ್ನು ಹೇಳಿದ ಹಾಗೆಯೇ ಟೈಪ್ ಹೊಡೆದು ಕಳಿಸಿದಳು.

ಮರುದಿನ ಉತ್ತರ ಬಂತು: "ಮಾವನ ಮನ್ಯಾಗ ಚಹಾನೂ ಕೊಡೂದಿಲ್ರಿ. ಹತ್ತು ರೂಪಾಯಿ ಏರಸತೀನಿ."

ನಾಲ್ಕು ದಿನ ಎಳೆದಾಡಿದೆವು. ಐದನೆಯ ದಿನ ಎರಡು ಚಾದರ ತೆಗೆದುಕೊಂಡ. ಪಾರ್ಸೆಲ್ ಮುಟ್ಟಿದ ಮೇಲೆ ಬರೆದ: "ಬಾಯಾರ, ನಮ್ಮ ಊರಿನ ಬೈಗುಳ ಕೇಳಿ ವರ್ಷಾಗಿತ್ತು. ಇಲ್ಲೆ ಅಂಗಡ್ಯಾಗ ಎಲ್ಲಾರೂ ಬೆಲಿ ಅಷ್ಟ ಹೇಳತಾರ, ಯಾರೂ ಜಗಳಾಡೂದಿಲ್ಲ." ಅವನೇ ತನ್ನ ಗೆಳೆಯರಿಗೆಲ್ಲ ಹೇಳಿದ.

ಆಮೇಲೆ ನೋಡಬೇಕಿತ್ತು. ಮಿಲ್ಲುಗಳು ಮುಚ್ಚಿದ ಮೇಲೆ ಚದುರಿಹೋದ ಸೊಲ್ಲಾಪುರದವರು ಸೂರತ್‌ನಿಂದ, ಭಿವಂಡಿಯಿಂದ ಬರೆದರು. ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲಿ, ಮರಾಠಿಯಲ್ಲಿ ಕೇಳಿದವರಿಗೆ ಮರಾಠಿಯಲ್ಲಿ ಬೈದೆ. ಪುಣೆಯ ರಿಟೈರಾದ ಮಾಸ್ತರಬಾಯಿಯೊಬ್ಬಳು ಒಂದು ಟವೆಲ್ಲಿಗಾಗಿ ಹದಿನೈದು ದಿನ ನನ್ನ ತಲೆ ತಿಂದಳು. ಕಡೆಗೆ ಟವೆಲ್ಲು ಬಿಟ್ಟು, ಮಗಳ ಮದುವೆಗೆ ಬೇಕೆಂದು ಚಾದರದ ಒಂದು ಗಂಟನ್ನೇ ಕೊಂಡಳು. ನಾನು ಬಗ್ಗಲಿಲ್ಲ, ಅವಳೂ ಬಗ್ಗಲಿಲ್ಲ, ಇಬ್ಬರಿಗೂ ಸುಖವಾಯಿತು. ಮಧ್ಯಾಹ್ನವೆಲ್ಲ ಪಾರ್ಸೆಲ್ ಹೊಲಿಯುವುದೇ ಕೆಲಸ. ಹೊಲಿದು ಹೊಲಿದು ಬೆರಳು ಬಾತುಕೊಂಡವು.

ದೀಪಾವಳಿ ಬಂತು. ಪಾಡ್ಯದ ದಿನ ಪ್ರಹ್ಲಾದ ಅಂಗಡಿಗೆ ಬಂದ, ಹಿಂದೆ ಕೌಶಿಕ. ಚಕ್ಕುಲಿ ಕೊಟ್ಟೆ. ಗೆದ್ದೆ ಎಂದು ನನ್ನ ಮುಖದ ಮೇಲೆಯೇ ಇತ್ತು.

"ವೈನಿ, ನಿಮ್ಮ ಹಿಕಮತ್ತಿಗೆ ಮೆಚ್ಚಬೇಕು," ಎಂದ ಪ್ರಹ್ಲಾದ. "ಈಗ ಮುಂಬೈದಾಗಿನ ಕಂಪನಿಯವರು ಕೌಶಿಕನ್ನ ಕೇಳ್ಯಾರ. ನಮ್ಮ ಅಂಗಡಿ ಅವರ ದೊಡ್ಡ ಬಜಾರಿನಾಗ ಸೇರಸ್ತಾರಂತ. ಚೌಕಾಸಿ ಬಂದ್ ಮಾಡಬೇಕು, ಒಂದ ದರ. ಹೆಸರೂ ಅವರು ಹೇಳಿದ್ದು. ನೀವು ಆರಾಮ ಮನ್ಯಾಗ ಕೂಡ್ರಿ, ಪಾಲು ಬರತದ. ನಾ ಹೂಂ ಅಂದೀನಿ."

"ನೀ ಹೂಂ ಅಂದಿ? ವ್ಯಾಪಾರ ಎದ್ದರ ಅಂಗಡಿ ನನ್ನದು ಅಂತ ಮಾತು ಕೊಟ್ಟಿದ್ದಿ."

ಪ್ರಹ್ಲಾದ ಚಕ್ಕುಲಿ ಮುರಿಯುತ್ತ ನೆಲ ನೋಡಿದ. "ಕೊಟ್ಟಿದ್ದೆ ಖರೆ. ಇಷ್ಟು ನಡೀತದ ಅಂತ ಆವಾಗ ಯಾರಿಗೆ ಗೊತ್ತಿತ್ತು ವೈನಿ? ಖೋಲಿ ಅಂತೂ ನನ್ನ ಹೆಸರಿಲೇ ಅದ."

ಸೋತರೆ ಕಸಿಯುತ್ತಿದ್ದ, ಗೆದ್ದರೂ ಕಸಿಯುತ್ತಾನೆ. ಹಿಂದಿನ ಗೋದಾಮಿಗೆ ಹೋಗಿ, ಚಾದರದ ಗಂಟಿನಲ್ಲಿ ಮುಖ ಇಟ್ಟು ಅತ್ತೆ. ಅಳುತ್ತಳುತ್ತಲೇ ಹೊರಗಿನ ಗಾದಿಯತ್ತ ನೋಡಿದೆ. ಎಷ್ಟು ದಿನವಾಯಿತು ಅಲ್ಲಿ ಒಬ್ಬ ಗಿರಾಕಿ ಕೂತು? ಸೂರತ್ತಿನವರು, ಭಿಲಾಯಿಯವರು, ಪುಣೆಯ ಆ ಮಾಸ್ತರಬಾಯಿ, ಇವರಲ್ಲಿ ಒಬ್ಬರೂ ಈ ಮೆಟ್ಟಿಲು ಹತ್ತಿದವರಲ್ಲ. ಅವರು ಬರುತ್ತಿದ್ದದ್ದು ನನ್ನ ಹತ್ತಿರ. ಈ ನಾಲ್ಕು ಗೋಡೆಗಾಗಿ ಇಷ್ಟು ದಿನ ಎದೆ ಬಡಿದುಕೊಂಡೆನಲ್ಲ, ಎಂಥ ಹುಚ್ಚಿ ನಾನು ಎನಿಸಿತು. ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದೆ. ಬಾಗಿಲ ಕೀಲಿ ತೆಗೆದು ಪ್ರಹ್ಲಾದನ ಮುಂದೆ ಇಟ್ಟೆ.

"ತಗೋ. ಖೋಲಿ ನಿಂದು."

ಅವನು ಗಾಬರಿಯಾದ. "ವೈನಿ, ಸಿಟ್ಟಿಗೇಳಬ್ಯಾಡ್ರಿ. ಎಲ್ಲಿ ಹೋಗತೀರಿ?"

"ಅಕ್ಕಲಕೋಟಿಗೆ, ತಂಗಿ ಮನಿಗೆ. ಅಂಗಡಿ ನನ್ನ ಸಂಗತೀನ ಬರತದ."

"ಮಾಲ್ ಒಯ್ಯಬಹುದು, ಅಂಗಡಿ ಹ್ಯಾಂಗ ಒಯ್ತೀರಿ ಕಾಕು?" ಎಂದ ಕೌಶಿಕ.

"ನಿನ್ನ ಏಕ್ ದಾಮ್ ಹುಡುಗಿ ನಿನ್ನ ಹತ್ರನ ಇರಲಿ. ಈಗಿನ ಪುಟ ಕಟ್ಟಿದ್ದು ಮುಕ್ತಾ, ಬೈಯೂದು ನಾನು. ಇದರಾಗ ನಿಂದು ಏನದ?" ಎಂದೆ.

ಮರುದಿನ ಗಂಟುಗಳನ್ನೆಲ್ಲ ನಮ್ಮ ಗಲ್ಲಿಯ ಧೂಳಪ್ಪನ ಟೆಂಪೊಗೆ ಹೇರಿಸಿ ಮುಂದೆ ಕೂತೆ. ಊರು ದಾಟುವ ತನಕ ಬಿಗಿಹಿಡಿದಿದ್ದೆ, ಆಮೇಲೆ ಕಣ್ಣೀರು ತಡೆಯಲಾಗಲಿಲ್ಲ. ಯಜಮಾನರು ಕೂತ ಜಾಗ ಅದು. ಧೂಳಪ್ಪ ಏನೂ ಕೇಳದೆ ಗಾಡಿ ಹೊಡೆದ, ಪುಣ್ಯಾತ್ಮ.

ಗಿರಿಜಾಬಾಯಿ ಮುಂದಿನ ಪಡಸಾಲೆ ಬಿಟ್ಟುಕೊಟ್ಟಳು, ಅಲ್ಲೇ ಗಾದಿ ಹಾಸಿದೆ. ಸಂಜೆ ಮುಕ್ತಾ ಕೆಫೆಯಿಂದ ಬರುವಾಗ ಗಿರಾಕಿಗಳ ಮಾತುಗಳನ್ನು ಕಾಗದದ ಮೇಲೆ ತೆಗೆದು ತರುತ್ತಿದ್ದಳು. ನಾನು ಜೋಳದ ಹಿಟ್ಟು ನಾದುತ್ತಲೋ ಪಾರ್ಸೆಲ್ ಹೊಲಿಯುತ್ತಲೋ ಉತ್ತರ ಹೇಳಿದರೆ ಬರೆದುಕೊಂಡು ಮುಂಜಾನೆ ಒಯ್ಯುತ್ತಿದ್ದಳು. ಪುಟದಲ್ಲಿ ಚಾಟಿ ಗಲ್ಲಿ ಎಂದಿದ್ದಲ್ಲಿ ಅಕ್ಕಲಕೋಟೆ ಎಂದಾಯಿತು. ಅದನ್ನು ಗಮನಿಸಿದವನು ಸಿದ್ದರಾಮಪ್ಪ ಒಬ್ಬನೇ. "ನಮ್ಮ ತಾಲೂಕಿಗೆ ಬಂದೀರಿ, ಈಗರ ಕಮ್ಮಿ ಮಾಡ್ರಿ," ಎಂದು ಬರೆದ. ಮಾಡಲಿಲ್ಲ.

ಮುಂಬೈ ಕಂಪನಿಯವರು ಕೌಶಿಕನ ಪುಟವನ್ನು ಚಂದವಾಗಿ ತಿದ್ದಿ ತಮ್ಮ ಬಜಾರಿನಲ್ಲಿ ಇಟ್ಟರು. ಚಾದರ ಅವೇ, ದರ ಸ್ವಲ್ಪ ಕಡಿಮೆಯೇ ಇತ್ತು. ಬಂದವರೆಲ್ಲ, ಇಲ್ಲಿ ಮಾತಾಡುವ ಬಾಯಿ ಎಲ್ಲಿ ಎಂದು ಕೇಳಿ ಹೋದರಂತೆ. ಡಿಸೆಂಬರಿನಲ್ಲಿ ಕಂಪನಿಯವರು ಕೌಶಿಕನ ಫೋನು ಎತ್ತುವುದನ್ನೇ ಬಿಟ್ಟರೆಂದು ಮುಕ್ತಾ ಸುದ್ದಿ ತಂದಳು. ನನಗೆ ಸಂತೋಷವಾಯಿತು. ಆಗಲಿಲ್ಲ ಎಂದು ಸುಳ್ಳು ಯಾಕೆ ಹೇಳಲಿ.

ಅದೇ ವಾರ, ಗಡಗಡ ನಡುಗಿಸುವ ಚಳಿಯಲ್ಲಿ, ಪ್ರಹ್ಲಾದ ಅಕ್ಕಲಕೋಟೆಗೆ ಬಂದ. ಸ್ವಾಮಿಗಳ ದರ್ಶನಕ್ಕೆ ಬಂದಿದ್ದೆ, ಹಂಗೆ ಈ ಕಡೆ ಬಂದೆ ಎಂದ. ಚಹಾ ಕೊಟ್ಟೆ. ಸುತ್ತಲಿನ ಗಂಟುಗಳನ್ನೂ ಹೊಲಿದಿಟ್ಟ ಪಾರ್ಸೆಲ್ಲುಗಳನ್ನೂ ಬಹಳ ಹೊತ್ತು ನೋಡಿದ.

"ವೈನಿ, ನಡೀರಿ ಸೊಲ್ಲಾಪುರಕ್ಕ. ಖೋಲಿ ಖಾಲಿ ಅದ. ಬೋರ್ಡಿನ ಮ್ಯಾಲೆ ನಿಮ್ಮ ಹೆಸರ ಬರಸ್ತೀನಿ."

"ನನ್ನ ಹೆಸರು ಭಿಲಾಯಿ ತನಕ ಹೋಗೇದ ಪ್ರಹ್ಲಾದ. ನಿನ್ನ ಬೋರ್ಡ್ ಚಾಟಿ ಗಲ್ಲಿ ದಾಟೂದಿಲ್ಲ. ನಾ ಬರೂದಿಲ್ಲ."

ಅವನು ಮತ್ತೆ ಒತ್ತಾಯಿಸಲಿಲ್ಲ. ಸಂಜೆಯ ಎಸ್‌ಟಿಗೆ ಹೊತ್ತಾಗಿತ್ತು. ಮೈಮೇಲೆ ತೆಳ್ಳನೆಯ ಅಂಗಿ, ಬಸ್ಸಿನ ಕಿಟಕಿಗೆ ಗಾಜಿರುತ್ತದೋ ಇಲ್ಲವೋ. ಎದ್ದವನು ಒಂದು ಗಂಟಿನ ಹತ್ತಿರ ನಿಂತು ಕೆಂಪು ಚಾದರದ ಅಂಚನ್ನು ಬೆರಳಿನಲ್ಲಿ ತಿಕ್ಕಿ ನೋಡಿದ. ನನ್ನ ಗಂಡನ ತಮ್ಮ, ಚಳಿಗೆ ನಡುಗುತ್ತಿದ್ದ. ಹಾಗೇ ಹೊದಿಸಿ ಕಳಿಸಬೇಕೆಂದು ಮನಸ್ಸು ಹೇಳಿತು, ಕೈ ಮುಂದೆ ಹೋಗಿಯೂ ಇತ್ತು.

ಅಷ್ಟರಲ್ಲಿ ಅವನು ನನ್ನ ಮುಖ ನೋಡದೆ ಕೇಳಿದ: "ಇದಕ್ಕ ಎಷ್ಟು ವೈನಿ?"

ಇಷ್ಟು ವರ್ಷಗಳಲ್ಲಿ ಅವನು ನನ್ನನ್ನು ಬೆಲೆ ಕೇಳಿದ್ದು ಅದೇ ಮೊದಲು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಗಾದಿಯ ಮೇಲೆ ನೆಟ್ಟಗೆ ಕೂತು ಬೆಲೆ ಹೇಳಿದೆ.

"ಸ್ವಲ್ಪ ಕಮ್ಮಿ ಮಾಡ್ರಿ," ಎಂದ.

ಒಂದು ರೂಪಾಯಿಯನ್ನೂ ಬಿಡಲಿಲ್ಲ.