ಕೆರೆಯಂಚಿನ ಮರಗಳು

ಹೆಬ್ಬೆರಳಿನ ಉಗುರಿನಿಂದ ಅವಳು ಇನ್ನೊಂದು ಹೂವನ್ನು ಸೀಳಿದಳು. ಒಳಗೆ ಎಳ್ಳಿನಷ್ಟು ಕಪ್ಪು. ಹಸಿರಿದ್ದರೆ ಜೀವವಿದೆ ಎಂದು ಅರ್ಥ. ಕಪ್ಪಾದರೆ ಕಾಯಿ ಕಚ್ಚುವುದಿಲ್ಲ. ಹೊರಗಿನಿಂದ ನೋಡಿದರೆ ಮಾತ್ರ ಸೇಬಿನ ಮರಗಳೆಲ್ಲ ಮದುವೆಗೆ ಹೊರಟಂತಿದ್ದವು. ಹಿಂದಿನ ದಿನ ಬೆಳಗಿನ ಜಾವ ಬಿದ್ದ ಹಿಮ ಒಳಗೇ ಕೊಂದಿತ್ತು.

"ಎಷ್ಟು ಉಳಿದಿದೆ?" ಬೇಲಿಯಾಚೆಯಿಂದ ಗಂಡ ಕೂಗಿದ.

"ಹತ್ತಕ್ಕೆ ಒಂದು."

"ಸರಿಯಾಗಿ ನೋಡೇ. ಕನ್ನಡಕ ಹಾಕ್ಕೊಂಡಿದೀಯಾ?"

"ಹಾಕ್ಕೊಂಡ್ರೆ ಸತ್ತಿದ್ದು ಎದ್ದು ಕೂರುತ್ತಾ?"

ಇಪ್ಪತ್ತೆರಡು ವರ್ಷ ಅವಳು ಹಿಮ ಬಿದ್ದ ಬೆಳಗುಗಳಲ್ಲೆಲ್ಲ ಈ ಇಳಿಜಾರಿನಲ್ಲಿ ನಡೆದಿದ್ದಳು. ಹುಲ್ಲಿನ ಮೇಲಿನ ಬಿಳುಪು ಕೆರೆಗೆ ನಲವತ್ತು ಹೆಜ್ಜೆ ಇರುವಾಗಲೇ ನಿಂತುಬಿಡುತ್ತಿತ್ತು. ಅಂಗಳದ ಬಕೆಟ್ಟಿನ ನೀರು ಒಂದೇ ರಾತ್ರಿಗೆ ಹೆಪ್ಪುಗಟ್ಟಿದರೆ ಕೆರೆಗೆ ವಾರಗಟ್ಟಲೆ ಬೇಕಾಗುತ್ತಿತ್ತು. ಹೋದ ವರ್ಷ ತೋಟ ಪಾಲಾಗುವಾಗ ಭಾವ ಮೊದಲ ಆಯ್ಕೆಯನ್ನು ತಮ್ಮನಿಗೇ ಬಿಟ್ಟಿದ್ದ. ಊಟಕ್ಕೆ ಬಡಿಸುತ್ತಲೇ ಅವಳು ಬಾಯಿ ಹಾಕಿದ್ದಳು.

"ಕೆಳಗಿಂದು ತಗೊಳ್ಳಿ. ಒಲೆ ಆರಿಸಿದ್ರೆ ಬಾಣಲೆ ಆಗಲೇ ತಣ್ಣಗಾಗುತ್ತೆ, ಹಂಡೆ ನೀರು ಎಷ್ಟು ಹೊತ್ತಾದ್ರೂ ಬೆಚ್ಚಗೇ ಇರುತ್ತೆ. ಕೆರೆನೂ ಹಂಗೇ. ಕಾಯೋಕೂ ತಡ, ಆರೋಕೂ ತಡ. ಚಳಿಗಾಲ ಮುಗಿದ್ರೂ ಅದು ತಣ್ಣಗಿರೋದ್ರಿಂದ ಅಲ್ಲಿ ಹೂವು ಹತ್ತು ದಿನ ತಡವಾಗಿ ಅರಳುತ್ತೆ. ಅಷ್ಟೊತ್ತಿಗೆ ಹಿಮದ ಕಾಟ ಮುಗಿದಿರುತ್ತೆ."

"ಇವಳಿಗೆ ಕೆರೆ ದಡನೇ ಬೇಕಂತೆ, ಬಟ್ಟೆ ಒಗೆಯೋಕೆ ಅನುಕೂಲ ಅಂತ!" ಗಂಡ ಅಂದಿದ್ದ. ಅಣ್ಣ ತಮ್ಮ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ವಾರಗಿತ್ತಿ ಮಾತ್ರ ನಗದೆ ತನ್ನ ಗಂಡನ ಮೊಣಕೈ ಮೆಲ್ಲಗೆ ತಿವಿದಿದ್ದಳು. ಮರುದಿನವೇ ಗಂಡ ರಸ್ತೆ ಪಕ್ಕದ, ಬೇಗ ಹೂಬಿಡುವ ಮೇಲಿನ ತೋಟ ಆರಿಸಿಕೊಂಡ; ಕೆಳಗಿನದಕ್ಕೆ ಭಾವ ತಕರಾರಿಲ್ಲದೆ ಒಪ್ಪಿಕೊಂಡ.

ಈಗ ಗೊಬ್ಬರದಂಗಡಿಯವನು ಬೇಲಿಗೊರಗಿ ಲೊಚಗುಟ್ಟುತ್ತಿದ್ದ. "ನಿಮ್ಮಣ್ಣಂದು ಒಂದು ಹೂವೂ ಹೋಗಿಲ್ವಂತಲ್ಲ!"

"ಹಣೆಬರಹ," ಎಂದ ಗಂಡ. "ಹೀಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು ಹೇಳಿ?"

ಅವಳು ಕೈಯಳತೆಯಲ್ಲೇ ನಿಂತಿದ್ದಳು. ಗಂಡ ಮುಖ ತಪ್ಪಿಸಿದ್ದರೆ, ಒಂದು ಕ್ಷಣ ತಡವರಿಸಿದ್ದರೆ ಸಾಕಿತ್ತು. ಅವನು ಹಾಗೇನೂ ಮಾಡಲಿಲ್ಲ. ಅವನಿಗೆ ನಿಜಕ್ಕೂ ನೆನಪಿರಲಿಲ್ಲ.

ಮಧ್ಯಾಹ್ನ ವಾರಗಿತ್ತಿ ದಿಬ್ಬ ಹತ್ತಿ ಬಂದಳು. ಮುಖದ ತುಂಬ ಮರುಕ.

"ನೀನು ಅವತ್ತು ಹೇಳಿದ್ದು ಒಂದಕ್ಷರ ಸುಳ್ಳಾಗಲಿಲ್ಲ ಕಣೇ."

"ಕಿವಿಗೆ ಹಾಕ್ಕೊಂಡವರು ನೀವೊಬ್ಬರೇ ಅಕ್ಕಾ. ಚೆನ್ನಾಗೇ ಹಾಕ್ಕೊಂಡ್ರಿ."

ವಾರಗಿತ್ತಿ ಅದನ್ನು ನುಂಗಿಕೊಂಡಳು. "ಕೆಳಗೆ ಕಸಿ ಕಟ್ಟೋದಿದೆ. ನಿನ್ನಂಥ ಕೈ ಇನ್ಯಾರಿಗಿದೆ? ಹೊರಗಿನವರಿಗೆ ಕೊಡೋ ಕೂಲಿ ನಿನಗೇ ಕೊಡ್ತೀನಿ. ತಪ್ಪು ತಿಳ್ಕೋಬೇಡ."

ತನ್ನದಾಗಬೇಕಿದ್ದ ಮಣ್ಣಿನಲ್ಲಿ ಕೂಲಿ! ಅವಳ ಕಿವಿ ಬಿಸಿಯಾಯಿತು. ವಾರಗಿತ್ತಿ ಇಳಿದು ಹೋಗುವುದನ್ನು ನೋಡುತ್ತ ನಿಂತಳು. ಕದ್ದವಳೇ ಇರಬಹುದು, ಆದರೆ ಇವಳಾಡಿದ ಮಾತಿಗೆ ಬೆಲೆಯಿದೆ ಎಂದು ತಿಳಿದೇ ಕದ್ದಿದ್ದಳು.

"ಏನಂತೆ ಅತ್ತಿಗೇದು?" ಗಂಡ ಕೇಳಿದ.

"ಏನಿಲ್ಲ. ಸಮಾಧಾನ ಹೇಳೋಕೆ ಬಂದಿದ್ರು."

ಸೋಮವಾರದಿಂದ ಕಸಿ ಕೆಲಸಕ್ಕೆ ಹೋಗುವುದು ಎಂದು ಅಷ್ಟರಲ್ಲಿ ಅವಳ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಇವನಿಗೆ ಹೇಳುವುದೇನೂ ಇಲ್ಲ. ಯಾವತ್ತು ಕಣ್ಣಿಗೆ ಬೀಳುತ್ತದೋ ಅವತ್ತು ಬೀಳಲಿ.